ಹೂವಿನ ಕಾಲದಲ್ಲಿ ಮನೆಗೆ ಬೀಗ

ಲಾಡ್ಜಿನ ಬಿಳಿ ಚಾದರಕ್ಕೆ ಒಂದು ವಾಸನೆ ಇರುತ್ತದೆ. ಬ್ಲೀಚಿಂಗ್ ಪುಡಿ, ಇಸ್ತ್ರಿಯ ಬಿಸಿ, ಅದರ ಅಡಿಯಲ್ಲಿ ಎಷ್ಟು ಒಗೆದರೂ ಹೋಗದ ಯಾರದೋ ತಲೆಯೆಣ್ಣೆ. ಪರೀಕ್ಷೆಯ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿ ತಂಗುವಾಗ ಆ ವಾಸನೆ ಮೂಗಿಗೆ ಬಡಿದೊಡನೆ ನನ್ನ ಕೈ ತಾನಾಗಿಯೇ ದಿಂಬನ್ನು ಎತ್ತಿ ನೋಡುತ್ತದೆ, ಹಾಸಿಗೆಯ ಮೂಲೆ ಮಡಚಿ ನೋಡುತ್ತದೆ, ಬಾಗಿಲ ಚಿಲಕವನ್ನು ಎರಡು ಸಲ ಎಳೆದು ನೋಡುತ್ತದೆ. ಜೊತೆಯವರು ನಗುತ್ತಾರೆ. ವರ್ಷಗಟ್ಟಲೆ ಹಾಸ್ಟೆಲ್ ವಾರ್ಡನ್ ಆಗಿದ್ದವಳು, ತಪಾಸಣೆಯ ಚಟ ಬಿಡುವುದಿಲ್ಲ ಅನ್ನುತ್ತಾರೆ. ಆದರೆ ಇದನ್ನು ನಾನು ಕಲಿತದ್ದು ಹಾಸ್ಟೆಲಿನಲ್ಲಿ ಅಲ್ಲ. ಮೈಸೂರಿನ ಹತ್ತಿರ, ಹೊಸದಾಗಿ ಆಗಿದ್ದ ಒಂದು ಆಟದ ಪಾರ್ಕಿನ ಎದುರಿನ ಹೋಟೆಲಿನಲ್ಲಿ, ನಮ್ಮ ಮನೆಯ ಹನ್ನೊಂದು ಮಂದಿ ಎರಡೇ ಕೋಣೆಗಳಲ್ಲಿ ಒತ್ತಿಕೊಂಡು ಮಲಗಿದ ಒಂದು ಬೇಸಿಗೆಯಲ್ಲಿ, ಅಪ್ಪನ ತಾಯಿಯಿಂದ ಕಲಿತೆ.

ನಮ್ಮ ಮನೆ ಹೂವಿನಹಡಗಲಿಯ ಅಂಚಿನಲ್ಲಿತ್ತು. ಮನೆಯಿಂದ ಹತ್ತು ಹೆಜ್ಜೆ ದಾಟಿದರೆ ಅಜ್ಜ ಹಚ್ಚಿದ ಮಲ್ಲಿಗೆ ತೋಟ. ಅಜ್ಜ ನಾನು ಹುಟ್ಟುವ ಮೊದಲೇ ಹೋಗಿದ್ದ; ತೋಟ ಅಜ್ಜಿಯದಾಗಿತ್ತು. ಮಲ್ಲಿಗೆಯನ್ನು ಅರಳಿದ ಮೇಲೆ ಬಿಡಿಸಿದರೆ ಕೇಳುವವರಿಲ್ಲ, ಮೊಗ್ಗಿರುವಾಗಲೇ ಬಿಡಿಸಬೇಕು, ಬೆಳಕು ಹರಿಯುವುದರೊಳಗೆ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಮೊದಲ ಬಸ್ಸಿಗೆ ಹಾಕಬೇಕು. ಹಾಗಾಗಿ ನಮ್ಮ ಮನೆಯ ದಿನ ಕತ್ತಲಲ್ಲೇ ಶುರುವಾಗುತ್ತಿತ್ತು. ಯಾರು ಯಾವ ಸಾಲು, ಯಾರ ಹಿಂದೆ ಯಾರು, ಎಲ್ಲವೂ ಗೊತ್ತುಪಡಿಸಿದ್ದು. ಅಪ್ಪ ಶಾಲೆಯಲ್ಲಿ ಗುಮಾಸ್ತ, ಚಿಕ್ಕಪ್ಪ ಬಸ್ಸಿನ ಕಂಡಕ್ಟರ್. ಇಬ್ಬರೂ ತಮ್ಮ ಸಾಲು ಮುಗಿಸಿಯೇ ಡ್ಯೂಟಿಗೆ ಹೋಗಬೇಕು. ಅವ್ವ, ಚಿಗವ್ವ, ನಾವು ಆರು ಮಕ್ಕಳು, ಎಲ್ಲರದೂ ಅದೇ ಕಟ್ಟು. ಒಂದು ಹೊತ್ತಿನ ನಿದ್ದೆ ಹೆಚ್ಚಾಯಿತೆಂದು ಅಜ್ಜಿ ಯಾರಿಗೂ ಬೈಯುತ್ತಿರಲಿಲ್ಲ. ಅರಳಿಹೋದ ಹೂವನ್ನು ತಂದು ಮಲಗಿದವರ ದಿಂಬಿನ ಪಕ್ಕ ಇಡುತ್ತಿದ್ದಳು. ಅದಕ್ಕಿಂತ ಬೈಗುಳವೇ ವಾಸಿ ಅನ್ನಿಸುತ್ತಿತ್ತು.

ಮಲ್ಲಿಗೆಯ ದಲ್ಲಾಳಿಗಳ ಜೊತೆ ಆಯುಷ್ಯ ಕಳೆದವಳಾದ್ದರಿಂದ ಅಜ್ಜಿಗೆ ಜಗತ್ತಿನ ಮೇಲೆ ಅನುಮಾನ. ತಕ್ಕಡಿಯ ತಟ್ಟೆಯನ್ನು ತಿರುಗಿಸಿ ಅದರ ತಳ ನೋಡುವಳು. ಹಾಲಿನವನ ಚರಿಗೆಯೊಳಗೆ ಬೆರಳು ಅದ್ದಿ ಉಗುರಿನ ಮೇಲೆ ಹನಿ ನಿಲ್ಲಿಸುವಳು. ಸಿಹಿಯಾಗಿ ಮಾತಾಡಿದವರನ್ನು ಕಳಿಸಿಕೊಟ್ಟ ಮೇಲೆ, "ಇವ ಯಾಕ ಬಂದಿದ್ದ?" ಅಂತ ಒಂದು ಸಲ ಕೇಳದೆ ಬಿಡುತ್ತಿರಲಿಲ್ಲ.

ಏಪ್ರಿಲ್ ತಿಂಗಳು, ಹೂವು ಮೈತುಂಬ ಬರುವ ಕಾಲ. ಊಟಕ್ಕೆ ಕೂತಾಗ ಅಪ್ಪ, ತಟ್ಟೆ ನೋಡುತ್ತಲೇ, "ಹುಡುಗರಿಗೆ ರಜಾ ಐತಿ. ಎಲ್ಲಾರೂ ಮೈಸೂರಿಗೆ ಹೋಗಿಬರೋಣು. ಅಲ್ಲಿ ನೀರಿನ ಆಟದ ಪಾರ್ಕ್ ಆಗೈತಂತ" ಅಂದ.

ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈ ನಿಂತಿತು. "ಎಲ್ಲಾರೂ ಅಂದ್ರ?"

"ಎಲ್ಲಾರೂ ಅಂದ್ರ ಎಲ್ಲಾರೂ. ಅವ್ವನೂ," ಅಂತ ಅಪ್ಪ ಅಜ್ಜಿಯತ್ತ ಕೈ ತೋರಿಸಿದ.

ಅದು ಎಂಥ ಮಾತು ಅನ್ನುವುದು ಹೂವು ಬೆಳೆಯುವವರಿಗೇ ಗೊತ್ತು. ನಮ್ಮ ಮನೆಯವರು ಒಂದು ಮದುವೆಗೂ ಎಲ್ಲರೂ ಕೂಡಿ ಹೋದವರಲ್ಲ. ಹರಪನಹಳ್ಳಿಯ ಸೋದರತ್ತೆಯ ಮಗಳ ಮದುವೆಗೆ ಅರ್ಧ ಮಂದಿ ಅಕ್ಕಿಕಾಳಿಗೆ ಹೋಗಿ ಬಂದ ಮೇಲೆ ಇನ್ನರ್ಧ ಮಂದಿ ಊಟಕ್ಕೆ ಹೋಗಿದ್ದರು. ಮನೆಯಲ್ಲಿ ಸದಾ ಯಾರಾದರೂ ಇದ್ದೇ ಇರುತ್ತಿದ್ದರಿಂದ ಬಾಗಿಲಿಗೆ ಒಂದು ಬೀಗವೇ ಇರಲಿಲ್ಲ. ಆಮೇಲೆ ಚಿಕ್ಕಪ್ಪ ಸಂತೆಯಿಂದ ಹೊಸ ಬೀಗ ತಂದ. ಆ ಊಟದ ಹೊತ್ತಿನಲ್ಲಿ ನಾನು ಅಜ್ಜಿಯ ಬಾಯಿಂದ ಆ ಒಂದು ಪ್ರಶ್ನೆ ಬರುವುದನ್ನು ಕಾಯುತ್ತಿದ್ದೆ. ಹೂವು ಯಾರು ಬಿಡಸ್ತಾರ? ಅಜ್ಜಿ ರೊಟ್ಟಿ ಮುರಿದು ಬಾಯಿಗೆ ಇಟ್ಟುಕೊಂಡು, "ಆತು, ಹೋಗೋಣು" ಅಂದಳು. ನಾನು ಏಳನೆಯ ಕ್ಲಾಸು ಮುಗಿಸಿದ್ದವಳು, ಮೊಮ್ಮಕ್ಕಳಲ್ಲಿ ದೊಡ್ಡವಳು. ನನ್ನ ಅನುಮಾನ ಶುರುವಾದದ್ದು ಆಗ.

ತಡೆಯಲಾರದೆ ನಾನೇ ವಿಚಾರಿಸತೊಡಗಿದೆ. ಅಪ್ಪ, "ಇಟ್ಟಿಗಿ ಊರಿಂದ ಆಳು ಬರ್ತಾರ" ಅಂದ. ಚಿಕ್ಕಪ್ಪ, "ಓಣಿಯೋರಿಗೆ ಹೇಳೀನಿ, ಅವರ ಬಿಡಿಸಿಕೊಳ್ತಾರ" ಅಂದ. ಅವ್ವ, "ನಿಮ್ಮಪ್ಪನ್ನ ಕೇಳು" ಅಂದಳು. ಚಿಗವ್ವ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಒಂದೇ ಪ್ರಶ್ನೆಗೆ ಮನೆಯಲ್ಲಿ ಇಷ್ಟು ಉತ್ತರ ಸಿಕ್ಕರೆ ಅದರಲ್ಲಿ ಒಂದೂ ನಿಜವಲ್ಲ ಅಂತ ಅಜ್ಜಿಯೇ ನಮಗೆ ಹೇಳಿಕೊಟ್ಟಿದ್ದಳು.

ಪಾರ್ಕಿನ ಎದುರಿನ ಹೋಟೆಲಿನವನು ನಮ್ಮ ತಲೆ ಎಣಿಸಿ, ಮತ್ತೊಮ್ಮೆ ಎಣಿಸಿ, "ಎರಡೇ ರೂಮು ಸಾಕಾ?" ಅಂದ. ಅಜ್ಜಿ ಅವನನ್ನೇ ದಿಟ್ಟಿಸಿ, "ನಮ್ಮ ಮಂದಿ ನಮಗ ಭಾರಿಲ್ಲಪ್ಪ, ನಿನಗ್ಯಾಕ ಆತು?" ಅಂದಳು. ಹೆಂಗಸರು ಹೆಣ್ಣುಮಕ್ಕಳು ಒಂದು ಕೋಣೆ, ಗಂಡಸರು ಗಂಡುಮಕ್ಕಳು ಇನ್ನೊಂದು ಕೋಣೆ ಅಂತ ಆಯಿತು. ನಮ್ಮ ಕೋಣೆಯಲ್ಲಿ ಅಜ್ಜಿಯ ತಪಾಸಣೆ ನಡೆಯಿತು. ದಿಂಬು ಮೂಸಿದಳು. "ಇದರ ಮ್ಯಾಲ ಯಾರ್ಯಾರು ತಲಿ ಇಟ್ಟಾರೋ" ಅಂತ ಅದನ್ನು ಮೂಲೆಗೆ ಸರಿಸಿದಳು. ಗೋಡೆಯಷ್ಟು ದೊಡ್ಡ ಕನ್ನಡಿಯ ಹಿಂದೆ ಏನಿದೆಯೆಂದು ಬಡಿದು ನೋಡಿ, ಸಮಾಧಾನವಾಗದೆ ಅದರ ಮೇಲೆ ಚಿಗವ್ವನ ಸೀರೆ ಇಳಿಬಿಟ್ಟಳು. ನಲ್ಲಿಯಿಂದ ಬಿಸಿನೀರು ಬಂದಾಗ, "ಒಲಿ ಎಲ್ಲಿ ಐತಿ?" ಅಂದಳು. ಬಟ್ಟೆ ಇಡುವ ಕಪಾಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಪುಡಿ, ಮಂಡಕ್ಕಿ ಇಟ್ಟು, ಅದರ ಮುಂದೆ ನನ್ನ ತಂಗಿಯನ್ನು ಕೂರಿಸಿದಳು. ಇಷ್ಟೆಲ್ಲದರ ಮೇಲೆ ಅನುಮಾನಪಟ್ಟ ಅಜ್ಜಿ ತೋಟದ ಹೆಸರು ಎತ್ತಲೇ ಇಲ್ಲ.

ಮರುದಿನ ಇನ್ನೂ ಕತ್ತಲಿರುವಾಗ ನನಗೆ ಎಚ್ಚರವಾಯಿತು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ಎಲ್ಲರೂ ಎದ್ದು ಕೂತಿದ್ದಾರೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಚದ ತುದಿಯಲ್ಲಿ, ಚಿಗವ್ವ ನೆಲದ ಮೇಲೆ, ಸಣ್ಣ ಹುಡುಗಿಯರು ಕೂಡ ಗೋಡೆಗೆ ಒರಗಿ. ಎದ್ದು ಮಾಡುವುದಕ್ಕೆ ಏನೂ ಇರಲಿಲ್ಲ. ಏಸಿಯ ಗುರುಗುಟ್ಟುವಿಕೆ ಬಿಟ್ಟರೆ ಸದ್ದಿಲ್ಲ. ಅದು ಮೊಗ್ಗು ಬಿಡಿಸುವ ಹೊತ್ತು. ಚಿಗವ್ವನ ಹೆಬ್ಬೆರಳು ತೋರುಬೆರಳು ಮಡಿಲ ಮೇಲೆ ಇಲ್ಲದ ಮೊಗ್ಗನ್ನು ಚಿವುಟುತ್ತಿದ್ದವು. ಅಜ್ಜಿ ಅದನ್ನು ನೋಡಿ, ನೋಡದವಳ ಹಾಗೆ ನನ್ನತ್ತ ತಿರುಗಿ, "ಹೋಗವಾ, ನಿಮ್ಮಪ್ಪನ ಹತ್ರ ಹಲ್ಲುಪುಡಿ ಐತಿ, ತಗೊಂಡು ಬಾ" ಅಂದಳು.

ಗಂಡಸರ ಕೋಣೆಯ ಬಾಗಿಲು ಸ್ವಲ್ಪ ತೆರೆದಿತ್ತು. ಅವರೂ ಎದ್ದಿದ್ದರು. ಒಳಗಿನಿಂದ ಚಿಕ್ಕಪ್ಪನ ದನಿ: "ಇಷ್ಟೊತ್ತಿಗೆ ಟ್ರ್ಯಾಕ್ಟರ್ ಬಂದಿರತೈತಿ."

"ಬಾವಿ ಕಡೆಯಿಂದ ಕೀಳು ಅಂತ ಹೇಳೀನಿ," ಅಪ್ಪ ಅಂದ. "ನಾವು ಹೋಗೋದ್ರಾಗ ಒಂದು ಗಿಡಾನೂ ಇರಂಗಿಲ್ಲ."

"ಅವ್ವಗ ಏನಂತ ಹೇಳೋದಣ್ಣ?"

"ಕಿತ್ತ ಮ್ಯಾಲ ನೋಡಿದ್ರ ನಾಕು ದಿನ ಅಳ್ತಾಳ. ಕೀಳೋದನ್ನ ನೋಡಿದ್ರ ಅವ್ವ ಉಳಿಯಂಗಿಲ್ಲಪ."

ಆಮೇಲೆ ದೊಡ್ಡವಳಾಗಿ ಯೋಚಿಸಿದಾಗ ಅವರ ಕಷ್ಟ ನನಗೆ ತಿಳಿದಿದೆ. ನಸುಕಿನಲ್ಲಿ ಬರುವ ಆಳುಗಳು ಸಿಗುತ್ತಿರಲಿಲ್ಲ. ಚಿಗವ್ವನ ಸೊಂಟ ಬಗ್ಗುತ್ತಿರಲಿಲ್ಲ. ನಿದ್ದೆಗೆಟ್ಟ ಚಿಕ್ಕಪ್ಪ ಬಸ್ಸಿನಲ್ಲಿ ಕಂಬಿ ಹಿಡಿದು ತೂಕಡಿಸುತ್ತಿದ್ದ. ಸಂಬಳ ತರುವ ಎರಡು ಕೆಲಸ, ಅದರ ಮೇಲೆ ಮಲ್ಲಿಗೆ, ಎರಡನ್ನೂ ಹೊರುವುದಕ್ಕೆ ಆಗುತ್ತಿರಲಿಲ್ಲ. ಮಳೆ ಬಂದರೆ ಮೆಕ್ಕೆಜೋಳ ಹಾಕುವುದೆಂದು ಅಣ್ಣತಮ್ಮ ಇಬ್ಬರೇ ನಿರ್ಧರಿಸಿದ್ದರು. ಆದರೆ ಆ ಬಾಗಿಲ ಹೊರಗೆ ನಿಂತ ಹುಡುಗಿಗೆ ಕೇಳಿಸಿದ್ದು ಒಂದೇ ಮಾತು: ಅವ್ವ ಉಳಿಯಂಗಿಲ್ಲ. ಬಾಗಿಲು ತಳ್ಳಿದೆ. ಅಪ್ಪ ತೋಟಕ್ಕೆ ಹೊರಟವನ ಹಾಗೆ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದ. ನನ್ನನ್ನು ನೋಡಿ ಅದನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ.

ಪಾರ್ಕಿನಲ್ಲಿ ಅಜ್ಜಿ ನಮ್ಮನ್ನು ಯಾವ ಆಟಕ್ಕೂ ಮೊದಲು ಬಿಡಲಿಲ್ಲ. ಬೇರೆ ಮಂದಿ ಹತ್ತಿ ಇಳಿದು ನೆಟ್ಟಗೆ ನಡೆಯುತ್ತಾರೋ ಇಲ್ಲವೋ ನೋಡಿಯೇ ಅಪ್ಪಣೆ. ಕತ್ತಲ ಗುಹೆಯೊಳಗೆ ಹೋಗುವ ರೈಲಿನ ಎದುರು ನಿಂತು, "ಹೋದೋರ ಬ್ಯಾರೆ, ಬಂದೋರ ಬ್ಯಾರೆ ಅದಾರಲ್ಲೋ ಹಾಲೇಶ" ಅಂತ ಚಿಕ್ಕಪ್ಪನನ್ನು ತಡೆದಳು. ಚಿಕ್ಕಪ್ಪ, "ಯವ್ವ, ನಾ ಕಂಡಕ್ಟರ್ ಅದೀನಿ. ಮಂದಿ ಎಣಿಸೋದು ನನಗ ಬಿಡು" ಅಂದ. ಎಲ್ಲರೂ ನಕ್ಕರು, ಅಜ್ಜಿಯೂ ನಕ್ಕಳು. ಅಣ್ಣತಮ್ಮಂದಿರು ಆ ದಿನ ಅವಳನ್ನು ಕೈಮೇಲೆ ಹೊತ್ತುಕೊಂಡವರ ಹಾಗೆ ನೋಡಿಕೊಂಡರು. ಒಬ್ಬ ಐಸ್‌ಕ್ರೀಂ ತಂದರೆ ಇನ್ನೊಬ್ಬ ಕೊಡೆ ಹಿಡಿಯುವ. ಅಷ್ಟು ಸಿಹಿಯನ್ನು ಬೇರೆ ಯಾರಾದರೂ ತೋರಿಸಿದ್ದರೆ ಅಜ್ಜಿ ಏನು ಅನ್ನುತ್ತಿದ್ದಳೋ ನನಗೆ ಗೊತ್ತಿತ್ತು. ಅವಳು ಐಸ್‌ಕ್ರೀಂ ತಿಂದಳು.

ಮಧ್ಯಾಹ್ನ ಎಲ್ಲರೂ ಅಲೆಯೇಳುವ ಕೊಳಕ್ಕೆ ಇಳಿದರು. ದಡದ ಕಲ್ಲುಬೆಂಚಿನ ಮೇಲೆ ಅಜ್ಜಿ, ಅವಳ ಪಕ್ಕ ನಾನು. ಅಪ್ಪ, ಚಿಕ್ಕಪ್ಪ ಚಡ್ಡಿಯಲ್ಲಿ ನಿಂತು ಸಣ್ಣ ಹುಡುಗರ ಹಾಗೆ ಒಬ್ಬರಿಗೊಬ್ಬರು ನೀರು ಎರಚುತ್ತಿದ್ದರು. ಹೇಳಿದರೆ ಅಜ್ಜಿ ಸಾಯುತ್ತಾಳೆ, ಹೇಳದಿದ್ದರೆ ಅವಳಿಗೆ ಮೋಸ. ಬೆಳಗಿನಿಂದ ಹೊಟ್ಟೆಯಲ್ಲಿ ಅದನ್ನೇ ಹೊತ್ತುಕೊಂಡಿದ್ದ ನನಗೆ ಅಳು ಬಂತು.

"ಅಜ್ಜಿ, ನಮ್ಮ ತೋಟ..."

"ಕೀಳಾಕತ್ತಾರ," ಅಂದಳು ಅಜ್ಜಿ, ಕೊಳವನ್ನೇ ನೋಡುತ್ತ.

ನನ್ನ ಅಳು ಅಲ್ಲೇ ನಿಂತಿತು.

"ಇಟ್ಟಿಗಿ ಟ್ರ್ಯಾಕ್ಟರಿನವ ಹೋದ ವಾರನ ನನ್ನ ಹತ್ರ ಬಂದಿದ್ದ. ನಿನ್ನ ಕೇಳದ ಆ ಗಿಡಕ್ಕ ಕೈ ಹಚ್ಚಂಗಿಲ್ಲಜ್ಜಿ ಅಂದ. ಕೀಳಪ್ಪ ಅಂದೆ. ನನಗ ತಿಳದೈತಿ ಅಂತ ನನ್ನ ಮಕ್ಕಳ ಮುಂದ ಬಾಯಿ ಬಿಡಬ್ಯಾಡ ಅಂತನೂ ಅಂದೆ."

"ಯಾಕ?"

ಅಜ್ಜಿ ನೀರಿನಲ್ಲಿದ್ದ ಮಕ್ಕಳತ್ತ ಗದ್ದ ಎತ್ತಿ ತೋರಿಸಿದಳು. "ಮೀಸಿ ನರಿಯಾಕ ಬಂದಾವ ಇಬ್ಬರಿಗೂ. ಇನ್ನೂ ಅವ್ವಗ ಹೆದರಿ ಮೈಸೂರಿನ ತನಕ ಸುಳ್ಳು ಹೊತ್ಕೊಂಡು ಬಂದಾರ ನೋಡು. ಹೂವು ಬಿಡಸಬೇಕಲ್ಲ ಅಂತ ಇಷ್ಟು ದಿನ ಒಂದೇ ಮನ್ಯಾಗ ಅದೀವಿ. ಇನ್ನ ಆ ಕೆಲಸ ಇಲ್ಲ. ಉಳದಿರೋದು ಈ ಹೆದರಿಕಿ ಒಂದ. ನನಗ ಗೊತ್ತೈತಿ ಅಂದ್ರ ಅದೂ ಹೋತು. ಒಬ್ಬ ಆ ಕಡೆ, ಒಬ್ಬ ಈ ಕಡೆ." ನನ್ನ ಕಣ್ಣನ್ನು ಸೆರಗಿನಿಂದ ಒರಸಿದಳು, ಸ್ವಲ್ಪ ಒರಟಾಗಿಯೇ. "ನೀನೂ ಬಾಯಿ ಬಿಡಬ್ಯಾಡ."

ನಾನು ತಲೆಯಾಡಿಸಿದೆ. ಅಲೆ ಬರುವ ಸೈರನ್ ಕೂಗಿತು. ಮಂದಿ ಕಿರುಚಿದರು. ಆ ಗದ್ದಲದಲ್ಲಿ ಅಜ್ಜಿ, ತನಗೆ ತಾನೇ ಅನ್ನುವಂತೆ, "ಬಾವಿ ಕಡೆ ಗಿಡದಾಗ ಇವತ್ತು ಬಾಳ ಮೊಗ್ಗು ಇರತಿದ್ವು" ಅಂದಳು. ಅಷ್ಟೇ. ಆಮೇಲೆ ಎದ್ದು ನಿಂತು ಸೆರಗು ಸರಿಪಡಿಸಿಕೊಂಡು, "ಲೇ ಕೊಟ್ರೇಶ, ಆ ತಿರುಗೋ ದೊಡ್ಡ ತೊಟ್ಟಿಲಿಗೆ ನನಗೂ ಒಂದು ಟಿಕೇಟು ತಗಸು" ಅಂತ ಅಪ್ಪನನ್ನು ಕೂಗಿದಳು. ಇಬ್ಬರು ಮಕ್ಕಳ ಮುಖ ಅರಳಿದ್ದನ್ನು ನಾನು ಕಂಡೆ. ತೊಟ್ಟಿಲು ಮೇಲಕ್ಕೆ ಏರಿದಾಗ ನಡುವೆ ಅಜ್ಜಿ, ಆಚೆ ಈಚೆ ಅವರಿಬ್ಬರು. ಕೆಳಗಿನಿಂದ ನೋಡಿದರೆ ಯಾರು ಯಾರನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ ಅನ್ನುವುದು ತಿಳಿಯುತ್ತಿರಲಿಲ್ಲ.

ಊರಿಗೆ ಬಂದಿಳಿದಾಗ ಇಳಿಹೊತ್ತು. ಬಸ್ ನಿಲ್ದಾಣದಿಂದ ಮನೆಗೆ ತೋಟದ ಬದಿಯ ದಾರಿ ಹತ್ತಿರ. ಅಪ್ಪ ಚೀಲ ಹೊತ್ತು ಪೇಟೆಯನ್ನು ಬಳಸಿ ಹೋಗುವ ದೂರದ ದಾರಿ ಹಿಡಿದ. ಚಿಕ್ಕಪ್ಪ ಅವನ ಹಿಂದೆ. ನಾನು ಅಜ್ಜಿಯ ಕೈ ಹಿಡಿದಿದ್ದೆ. ಮಂಡಿನೋವಿನ ಅಜ್ಜಿ, ಒಂದು ಹೆಜ್ಜೆ ಸುತ್ತಾದರೂ ಜಗಳಕ್ಕೆ ನಿಲ್ಲುವ ಅಜ್ಜಿ, ದಾರಿ ಯಾಕೆ ಬೇರೆಯಾಯಿತು ಅಂತ ಕೇಳಲಿಲ್ಲ. ಗಾಳಿಯಲ್ಲಿ ಹಸಿಮಣ್ಣಿನ ವಾಸನೆ ಇತ್ತು, ಮಳೆ ಬಾರದಿದ್ದರೂ. "ಕಾಲು ನೋಯ್ತಾವೇನಜ್ಜಿ?" ಅಂದೆ. "ನೋಯ್ತಾವ. ನಡಿ" ಅಂದಳು.

ಅವಳು ಇನ್ನೂ ಕೆಲವು ವರ್ಷ ಇದ್ದಳು. ನಸುಕಿನಲ್ಲಿ ಯಾರೂ ಬುಟ್ಟಿ ಎತ್ತದಿದ್ದಾಗಲೂ ಯಾಕೆಂದು ಕೇಳಲಿಲ್ಲ; ಮನೆಯ ಹಿತ್ತಲ ಬಾಗಿಲು ದಾಟಿ ಆ ಹೊಲದ ಕಡೆ ಒಂದು ದಿನವೂ ಹೋಗಲಿಲ್ಲ. ಹೋದರೆ ನೋಡಬೇಕು, ನೋಡಿದರೆ ಕೇಳಬೇಕು, ಕೇಳಿದರೆ ಅವರು ಹೇಳಬೇಕು. ಮಕ್ಕಳು ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಅವಳ ಸುತ್ತ ಮೆತ್ತಗೆ ನಡೆದಾಡಿದರು. ಅವಳಿರುವ ತನಕ ಒಲೆ ಒಂದೇ ಇತ್ತು. ಅಜ್ಜಿ ಹೋದ ಮೇಲೆ, ಯಾವ ಜಗಳವೂ ಇಲ್ಲದೆ, ಚಿಕ್ಕಪ್ಪ ಕೊಟ್ಟೂರಿನಲ್ಲಿ ಮನೆ ಮಾಡಿದ, ನಾವು ಹರಪನಹಳ್ಳಿಗೆ ಬಂದೆವು. ಹಡಗಲಿಯ ಆ ಮನೆಯನ್ನು ಈಗ ಬೇರೆಯವರು ಕೆಡವಿ ಕಟ್ಟಿಸಿದ್ದಾರೆ.

ಅಪ್ಪ ಕೊನೆಯ ದಿನಗಳಲ್ಲಿ ನನ್ನ ಜೊತೆಗಿದ್ದ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕೇಳಿದ: "ಆವತ್ತು ಮೈಸೂರಿನಾಗ, ಅವ್ವಗ ಗೊತ್ತಿತ್ತೇನವಾ?"

"ಇಲ್ಲಪ್ಪ," ಅಂದೆ. "ಅಜ್ಜಿಗೆ ಏನೂ ಗೊತ್ತಿರಲಿಲ್ಲ."

ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಮತ್ತೆ ಅದನ್ನು ಕೇಳಲಿಲ್ಲ. ಕುಡಿಯಲು ಸ್ವಲ್ಪ ಮಜ್ಜಿಗೆ ಕೊಡು ಅಂದ.