ಬೆನ್ನು ಕಾಣದ ಕೋಟು

ಎಚ್.ಡಿ.ಕೋಟೆಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮಾದೇಶನ ಟೈಲರ್ ಅಂಗಡಿ. ಐವತ್ತು ದಾಟಿದ ಮಾದೇಶ ಹೊಲಿಯದ ಬಟ್ಟೆಯಿಲ್ಲ. ಶಾಲೆಯ ಯೂನಿಫಾರಂ, ರವಿಕೆ, ಚೂಡಿದಾರ್, ಒಂದು ಸಲ ನಾಟಕದ ಕರಡಿಗೆ ಮೈತುಂಬ ಕರಿ ಉಡುಪು. ಕೋಟು ಒಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕೋಟು ಬೇಕೆಂದು ಬಂದವರಿಗೆ ಹುಣಸೂರಿನ ಬಸ್ಸು ತೋರಿಸಿ ಕಳಿಸುತ್ತಿದ್ದ.

ಇದಕ್ಕೆ ಕಾರಣನಾದವನು ಎದುರಿಗೇ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಕೂತಿದ್ದಾನೆ. ಸುನೀಲ್ಕುಮಾರ್, ಮಾದೇಶನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಇಪ್ಪತ್ತೆರಡು ವರ್ಷದ ಹಿಂದೆ ತನ್ನ ಮದುವೆಗೆ ಮುಂಚೆ ಯಾವುದೋ ಪತ್ರಿಕೆಯಿಂದ ಒಂದು ಫೋಟೋ ಹರಿದು ತಂದು, ಇಂಥದ್ದೇ ನೀಲಿ ಕೋಟು ಬೇಕೆಂದಿದ್ದ. ಫೋಟೋದಲ್ಲಿ ಕೋಟಿನ ಮುಂಭಾಗ ಇತ್ತೇ ಹೊರತು ಬೆನ್ನು ಇರಲಿಲ್ಲ. ಏನೋ ಒಂದು, ನಡೆಯುತ್ತದೆ ಎಂದುಕೊಂಡು ಮಾದೇಶ ಹಿಂಬದಿಗೆ ಸೀಳು ಬಿಡದೆ ಬಿಗಿಯಾಗಿ ಹೊಲಿದುಬಿಟ್ಟ. ಆರತಕ್ಷತೆಯಲ್ಲಿ ಮದುಮಗ ಹಿರಿಯರ ಕಾಲು ಮುಟ್ಟಲು ಬಗ್ಗಿದ್ದೇ ತಡ, ಕೋಟು ಬೆನ್ನುದ್ದಕ್ಕೂ ಪರ್ರೆಂದು ಹರಿಯಿತು. ಮದುವೆಯ ವಿಡಿಯೋದಲ್ಲಿ ಆ ಸದ್ದು ಇವತ್ತಿಗೂ ಸ್ಪಷ್ಟವಾಗಿ ಕೇಳುತ್ತದೆ.

ಅಂದಿನಿಂದ ಸುನೀಲ್ಕುಮಾರ್ ಇವನನ್ನು ಹೆಸರು ಹಿಡಿದು ಕರೆದದ್ದಿಲ್ಲ. "ಲೋ ಪರ್ರು, ಟೀ ಕುಡುದ್ಯೇನ್ಲಾ?" ಎನ್ನುತ್ತಾನೆ. ಮಾದೇಶನೂ ನಗುತ್ತಾನೆ. ಆದರೆ ಆ ಹೆಸರು ಅವನಿಗೆ ಪ್ರತಿಸಲವೂ ಚುಚ್ಚುತ್ತಿತ್ತು. ಹೆಂಡತಿ ಭಾಗ್ಯಳ ಮುಂದೆ ಕೂಡ ಅದನ್ನು ಬಾಯಿಬಿಟ್ಟು ಹೇಳಿದವನಲ್ಲ.

ಇಂಥವನ ಅಂಗಡಿಗೆ ಒಂದು ದಿನ ಸುನೀಲ್ಕುಮಾರನ ಮಗಳು ಚೈತ್ರ ಬಂದು ಫೋನು ಚಾಚಿದಳು. ಡಿಗ್ರಿ ಎರಡನೇ ವರ್ಷದ ಹುಡುಗಿ.

"ಮಾವ, ನಂಗೆ ಈ ಕೋಟು ಒಲ್ಕೊಡಿ. ಮುಂದಿನ ತಿಂಗ್ಳು ಮೈಸೂರಲ್ಲಿ ಅನಿಮೆ ನೋಡೋರೆಲ್ಲ ಸೇರ್ತಾವ್ರೆ. ಅದ್ರಲ್ಲಿ ಬರೋರ್ ತರಾನೇ ಡ್ರೆಸ್ ಮಾಡ್ಕೊಂಡ್ ಓಗ್ಬೇಕು."

"ಅನಿಮೆ ಅಂದ್ರೇನ್ ಮಗಾ?"

"ಜಪಾನಿನ ಕಾರ್ಟೂನು. ಬೇರೆ ಯಾರಾದ್ರೂ ಕಾರ್ಟೂನು ಅಂದ್ರೆ ನಂಗೆ ಕ್ವಾಪ ಬತ್ತದೆ. ನಿಮ್ಗೆ ಅರ್ಥ ಆಗ್ಲಿ ಅಂತ ಏಳ್ದೆ ಅಷ್ಟೇಯ."

ಚಿತ್ರದಲ್ಲಿ ಕೆಂಪು ಕೋಟಿನ ಹುಡುಗಿಯೊಬ್ಬಳು ಹಿಮದ ನಡುವೆ ನಿಂತಿದ್ದಳು. ಬೆನ್ನ ಮೇಲೆ ಒಂದು ಮರದ ಪೆಟ್ಟಿಗೆ. ಆ ದೇಶದಲ್ಲಿ ಒಲೆಗಳೆಲ್ಲ ಆರಿಹೋಗಿವೆಯಂತೆ. ಇವಳು ಪೆಟ್ಟಿಗೆಯಲ್ಲಿ ಕೆಂಡ ಹೊತ್ತು ಊರೂರಿಗೆ ಬೆಂಕಿ ಕೊಟ್ಟು ಬರುವವಳು.

"ಬೆನ್ನು ತೋರ್ಸವ್ವ" ಎಂದ ಮಾದೇಶ.

"ಪೆಟ್ಟಿಗೆ ಅಡ್ಡ ಇರ್ತದಲ್ಲ ಮಾವ, ಬೆನ್ನು ಕಾಣಕ್ಕಿಲ್ಲ. ಅಲ್ಲಿ ನೀವು ಏನ್ ಒಲ್ದ್ರೂ ನಡೀತದೆ ಬುಡಿ."

ನಡೀತದೆ ಎಂಬ ಆ ಮಾತು ಕೇಳಿ ಮಾದೇಶನ ಮುಖ ಸಪ್ಪಗಾಯಿತು. ಹುಣಸೂರಿನ ಬಸ್ಸು ತೋರಿಸಲು ಕೈ ಎತ್ತಿದವನು ಅದೇಕೋ ಇಳಿಸಿದ. ಸುನೀಲನ ಮಗಳೇ ಕೋಟು ಕೇಳಿಕೊಂಡು ಬಂದಿದ್ದಾಳೆ. ಈ ಸಲ ಬೆನ್ನು ಸರಿಯಾಗಿ ಬಂದರೆ ಆ ಹಾಳು ಹೆಸರು ಹೋದರೂ ಹೋದೀತು.

"ಒಲೀತೀನಿ. ಆದ್ರೆ ಬೆನ್ನು ನೋಡ್ದೆ ಕತ್ರಿ ಆಕಕ್ಕಿಲ್ಲ. ಆ ಕತೆ ನನ್ ಫೋನಿಗೆ ಆಕ್ಕೊಡು."

ಚೈತ್ರ ಹಾಕಿಕೊಟ್ಟಳು. ಒಟ್ಟು ಇಪ್ಪತ್ತನಾಲ್ಕು ಕಂತು. ಅವಳು ನೋಡಿದ್ದು ಹನ್ನೊಂದು, ಮಿಕ್ಕದ್ದು ಪರೀಕ್ಷೆ ಮುಗಿದ ಮೇಲೆ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದಾಳೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮುಂದಿನ ಕತೆ ತಿಳಿದುಬಿಡುತ್ತದೆಂದು ಅದನ್ನೂ ಬಿಟ್ಟಿದ್ದಾಳೆ. "ನೀವು ಮುಂದ್ಕೆ ನೋಡಿ, ಆದ್ರೆ ಬಾಯ್ ಬುಡ್ಬಾರ್ದು. ಬುಟ್ರೆ ನಾನ್ ಮಾತಾಡ್ಸಕ್ಕಿಲ್ಲ" ಎಂದು ಎಚ್ಚರಿಸಿ ಹೋದಳು.

ಮಾದೇಶ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಫೋನನ್ನು ಮಿಷಿನ್ನಿಗೆ ಒರಗಿಸಿ ನೋಡತೊಡಗಿದ. ಮಾತೆಲ್ಲ ಜಪಾನಿ. ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳು ಇವನು ಕೂಡಿಸಿ ಓದುವಷ್ಟರಲ್ಲಿ ಮಾಯ. ಹುಡುಗಿಯ ಹೆಸರು ಬಾಯಿಗೆ ಹತ್ತದೆ ಅವನೇ ಕೆಂಪಿ ಎಂದು ಹೆಸರಿಟ್ಟ. ಅವನಿಗೆ ಬೇಕಾದದ್ದು ಬೆನ್ನು. ಮೊದಲ ಮೂರು ಕಂತುಗಳನ್ನು ಬೆರಳಿನಲ್ಲಿ ತಳ್ಳಿ ತಳ್ಳಿ ಓಡಿಸಿದ. ಕೆಂಪಿ ಅತ್ತ ತಿರುಗಿದರೂ ಪೆಟ್ಟಿಗೆ, ಇತ್ತ ತಿರುಗಿದರೂ ಪೆಟ್ಟಿಗೆ. ಇವನಿಗೆ ಸಿಟ್ಟೇ ಬಂತು.

ನಾಲ್ಕನೇ ಕಂತಿನಲ್ಲಿ ಕೆಂಪಿ ಯಾರದೋ ಜಗಲಿಯ ಮೇಲೆ ಕೂತು ಹರಿದ ಕೈಗವಸು ಹೊಲಿಯಲು ಸೂಜಿ ತೆಗೆದಳು. ದಾರದ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿದಳು. ಸೂಜಿ ಕಣ್ಣಿಗೆ ಪೋಣಿಸಿದಳು, ತಪ್ಪಿತು. ಮತ್ತೆ ಒದ್ದೆ ಮಾಡಿದಳು, ಮತ್ತೆ ತಪ್ಪಿತು. ಮೂರನೆಯ ಸಲ ಒಂದು ಕಣ್ಣು ಮುಚ್ಚಿದಳು, ದಾರ ಒಳಗೆ ಹೋಯಿತು.

ಮಾದೇಶನ ಬೆರಳು ನಿಂತಿತು. ಹಿಂದಕ್ಕೆ ತಂದು ಮತ್ತೆ ನೋಡಿದ. ಒಂದೇ ಗೆರೆಯಲ್ಲಿ ಬರೆದು ಮುಗಿಸಬಹುದಾಗಿದ್ದನ್ನು ಎರಡು ಸಲ ತಪ್ಪಿಸಿ ಬರೆದಿದ್ದಾರಲ್ಲ! ಎಲ್ಲೋ ಜಪಾನಿನಲ್ಲಿ ಕೂತ ಯಾರಿಗೋ ದಾರ ಪೋಣಿಸುವವರ ಕಷ್ಟ ಗೊತ್ತಿದೆ. ಈ ಸಂತೋಷವನ್ನು ಯಾರಿಗೆ ಹೇಳುವುದೋ ತಿಳಿಯದೆ, ಗುಂಡಿ ಹಾಕಿಸಲು ಬಂದಿದ್ದ ಗಿರಾಕಿಗೇ ಹೇಳಿದ. ಆತ ಶರ್ಟು ಕೊಟ್ಟು ಹೊರಟುಹೋದ.

ಆಮೇಲೆ ತಳ್ಳಿ ನೋಡುವ ಮಾತೇ ಇಲ್ಲ. ಮೊದಲಿನಿಂದ ಶುರು ಮಾಡಿದ. ಕೆಂಪಿ ಬಿದ್ದರೆ "ಏಳವ್ವ, ಏಳು" ಎಂದ, ಗೆದ್ದರೆ ಟೇಬಲ್ ಗುದ್ದಿದ. ಬೈಲಕುಪ್ಪೆಗೆ ಹೋಗಿ ದಪ್ಪನೆಯ ಕೆಂಪು ಬಟ್ಟೆ ತಂದಿಟ್ಟ. ಅದು ಮಡಿಕೆ ಬಿಚ್ಚದೆ ಹಾಗೆಯೇ ಕಾದಿತ್ತು. ಮೈಸೂರಿನ ಕೂಟಕ್ಕೆ ಇನ್ನು ಉಳಿದದ್ದು ಹತ್ತು ದಿನ.

ಹತ್ತೊಂಬತ್ತನೇ ಕಂತಿನ ದಿನ ಊಟದ ಡಬ್ಬಿ ತಂದ ಭಾಗ್ಯ ಬಾಗಿಲಲ್ಲೇ ನಿಂತಳು. ಗಂಡ ಟೇಪಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಏನಾಯ್ತ್ರೀ? ಸೂಜಿ ಚುಚ್ತಾ?"

"ಇಲ್ಲ ಕಣೆ. ಕೆಂಪಿ ಬೆನ್ನು ಕಂಡ್ತು."

ಕೆಂಪಿ ಕೊನೆಗೆ ಪೆಟ್ಟಿಗೆ ಇಳಿಸಿದ್ದಳು. ಕೋಟಿನ ಕೆಳಗೆ ಮೊಳದುದ್ದ ಸೀಳು. ಬೆನ್ನ ಮೇಲೆ ಐದು ತೇಪೆ, ಒಂದೊಂದಕ್ಕೂ ಒಂದೊಂದು ಬಣ್ಣ. ಕೆಂಡದ ಕಿಡಿ ಸುಟ್ಟ ತೂತುಗಳನ್ನು ಅವಳು ತಂಗಿದ್ದ ಮನೆಗಳವರು, ಅವಳು ನಿದ್ದೆಹೋದಾಗ, ಹೊಲಿದಿಟ್ಟಿದ್ದರು. ಎದ್ದ ಕೂಡಲೇ ಕೋಟು ತೊಟ್ಟು ಪೆಟ್ಟಿಗೆ ಏರಿಸಿ ಓಡುವ ಹುಡುಗಿ ಅದನ್ನು ನೋಡಿಯೇ ಇರಲಿಲ್ಲ. ಈಗ ಕೋಟನ್ನು ಮಡಿಲಲ್ಲಿ ಹರವಿಕೊಂಡು ಒಂದೊಂದು ತೇಪೆಯನ್ನೂ ಮುಟ್ಟಿ ಮುಟ್ಟಿ ಅಳುತ್ತಿದ್ದಳು. ಭಾಷೆ ಬಾರದ ಮಾದೇಶನಿಗೂ ಎಲ್ಲ ಅರ್ಥವಾಯಿತು.

ಅಂದು ಸಂಜೆಯೇ ಕತ್ತರಿ ಹಿಡಿದ. ಸೀಳು ಬಂತು, ತೋಳು ಬಂತು, ಕಾಲರ್ ಬಂತು. ತೇಪೆಯ ಹತ್ತಿರ ಕೈ ನಿಂತಿತು. ಐದನ್ನೂ ತಾನೇ ಹಾಕಿದರೆ ಐದೂ ಒಂದೇ ಕೈಯ ಹೊಲಿಗೆಯಾಗುತ್ತದೆ, ಅದು ಸುಳ್ಳು. ಹಾಗಾಗಿ ಒಂದನ್ನು ಭಾಗ್ಯಳಿಂದ ಹಾಕಿಸಿದ. ಒಂದನ್ನು ಚೈತ್ರಳ ಅಮ್ಮ, ಒಂದನ್ನು ನಿಲ್ದಾಣದ ಹೂವಿನವಳು, ಒಂದನ್ನು ಅಂತರಸಂತೆ ಕಡೆಯ ಕಾಡಂಚಿನ ಹಾಡಿಯಿಂದ ಜೇನು ಮಾರಲು ಬರುವ ನಿಂಗಿ ಹಾಕಿಕೊಟ್ಟರು. ಚೈತ್ರಳಿಗೆ ಮಾತ್ರ ಹೇಳಬಾರದೆಂದು ಎಲ್ಲರಿಗೂ ತಾಕೀತು. ಐದನೆಯದಕ್ಕೆ ರಸ್ತೆ ದಾಟಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಇಡೀ ಕತೆ ಹೇಳಿದ.

"ಮೊಳೆ ಮಾರೋನ ಕೈಗೆ ಸೂಜಿ ಕೊಡ್ತೀಯಲ್ಲೋ ಪರ್ರು!" ಎಂದು ಸುನೀಲ್ಕುಮಾರ್ ಹೊಟ್ಟೆ ಹಿಡಿದು ನಕ್ಕ.

ಮಾರನೆಯ ಬೆಳಿಗ್ಗೆ ಅವನೇ ಬಂದ. ಜೇಬಿನಿಂದ ಅಂಗೈಯಗಲದ ನೀಲಿ ಬಟ್ಟೆ ತೆಗೆದ. ಅದು ಯಾವ ಕೋಟಿನದೆಂದು ಮಾದೇಶನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇನ್ನೂ ಮಡಿಕ್ಕಂಡಿದ್ಯಾ?"

"ಬಿಸಾಕಕ್ಕೆ ಮನಸು ಬರ್ನಿಲ್ಲ ಕಣ್ಲಾ. ಸೂಜಿ ಕೊಡು, ಮಾತು ಸಾಕು."

ಸುನೀಲ್ಕುಮಾರ್ ಮೂರು ಸಲ ಬೆರಳು ಚುಚ್ಚಿಕೊಂಡು ಸೊಟ್ಟಸೊಟ್ಟಗೆ ಹೊಲಿದ. ಮಾದೇಶ ಒಂದು ಹೊಲಿಗೆಯನ್ನೂ ತಿದ್ದಲಿಲ್ಲ. ತೇಪೆಗಳ ಮೇಲೆ ಸಾದಾ ಕೆಂಪು ಬಟ್ಟೆ ಮುಚ್ಚಿ, ಎಳೆದರೆ ಬಿಚ್ಚಿಕೊಳ್ಳುವಂತೆ ಸುತ್ತ ಬಿಳಿ ದಾರದ ಕಚ್ಚಾ ಹೊಲಿಗೆ ಹಾಕಿದ.

"ಅತ್ತೊಂಬತ್ತ್ನೇ ಕಂತು ನೋಡಿದ್ ದಿನ ಈ ದಾರ ಎಳಿ. ಅದಕ್ಕೂ ಮುಂಚೆ ಮುಟ್ಟಿದ್ರೆ ನಾನ್ ಮಾತಾಡ್ಸಕ್ಕಿಲ್ಲ" ಎಂದು, ಕೋಟು ಒಯ್ಯಲು ಬಂದ ಚೈತ್ರಳಿಗೆ ಅವಳ ಮಾತನ್ನೇ ತಿರುಗಿಸಿ ಹೇಳಿದ. ಪರೀಕ್ಷೆ ಮುಗಿಯಿತು. ಮರುದಿನ ಹುಡುಗಿ ರಟ್ಟಿನ ಪೆಟ್ಟಿಗೆ ಹೊತ್ತು ಮೈಸೂರಿಗೆ ಹೋಗಿ ಕುಣಿದು ಬಂದಳು.

ಮುಂದಿನ ಬುಧವಾರ ಮಧ್ಯಾಹ್ನ ಕೋಟು ಅಪ್ಪಿಕೊಂಡು ಅಂಗಡಿಗೆ ಓಡಿಬಂದಳು. ಕಣ್ಣು ಊದಿತ್ತು. "ನೋಡ್ದೆ ಮಾವ" ಎಂದವಳು ಅಲ್ಲೇ ದಾರ ಎಳೆದಳು. ಮಗಳು ಅಳುತ್ತ ಓಡಿದ್ದನ್ನು ಕಂಡು ಸುನೀಲ್ಕುಮಾರನೂ ಹಿಂದೆಯೇ ಬಂದು ನಿಂತಿದ್ದ. ದಾರ ಒಂದೇ ಎಳೆತಕ್ಕೆ ಸರ್ರನೆ ಬಂತು. ಚೈತ್ರಳ ಬೆರಳು ಒಂದೊಂದೇ ತೇಪೆಯ ಮೇಲೆ ಹೋಗಿ ನೀಲಿಯ ಮೇಲೆ ನಿಂತಿತು.

"ಅಪ್ಪ, ಇದು ನಿಮ್ ಮದ್ವೆ ಕೋಟಲ್ವಾ? ಒಲ್ದೋರೂ ನೀವೇನಾ?"

"ಎಂಗದೆ?"

"ಸೊಟ್ಟಗದೆ" ಎಂದು ಚೈತ್ರ ಅಳುತ್ತಲೇ ನಕ್ಕು, ಅಪ್ಪನ ತೋಳು ಹಿಡಿದುಕೊಂಡಳು.

ಸುನೀಲ್ಕುಮಾರ್ ಕೋಟನ್ನೆತ್ತಿ ಹಿಂದಿನ ಸೀಳಿನಲ್ಲಿ ಕೈ ಆಡಿಸಿ ನೋಡಿದ. ಆಮೇಲೆ ಮಾದೇಶನ ಮುಂದೆ ಬಂದು, ಎರಡು ಕೈಯನ್ನೂ ಇಳಿಬಿಟ್ಟು, ಬೆನ್ನು ತಿರುಗಿಸಿ ನಿಂತ.

"ಮಾದೇಶ, ನಂಗೊಂದು ಕೋಟು ಒಲಿ. ಅಳತೆ ತಕೊ."

ಮಾದೇಶ ಕುತ್ತಿಗೆಯಿಂದ ಟೇಪು ಎಳೆದುಕೊಂಡ.