ಮುನಿಯಪ್ಪನ ಎರಡನೇ ಅರ್ಜಿ

ಗೆಳೆಯರೇ, ಇವತ್ತು ಬೆಳಿಗ್ಗೆ ತಮಿಳುನಾಡಿನ ಹೊಸೂರು ಪಕ್ಕದ ಮತ್ತಿಗಿರಿಯ ನಮ್ಮ ಮನೆಗೆ ಮುನಿಯಪ್ಪನ ಮೊಮ್ಮಗ ಬಂದಿದ್ದ. ಚುನಾವಣೆ ಇನ್ನೂ ಎಲ್ಲೋ ಇದೆ, ಆಗಲೇ ಪಕ್ಷದ ಟಿಕೆಟ್ಟಿಗೆ ಅರ್ಜಿ ಬರೆದುಕೊಡಬೇಕಂತೆ!

ಎಂಬತ್ತರ ದಶಕದಲ್ಲಿ ಅವನ ತಾತನಿಗೂ ತಮಿಳಿನಲ್ಲಿ ಅರ್ಜಿ ಬರೆದುಕೊಟ್ಟವನು ನಾನೇ. ಎಲ್ಲರಿಗಿಂತ ಮೊದಲು ಕೊಡಬೇಕೆಂಬ ಆತುರ ಆತನಿಗೆ. ಬರೆದು ಮುಗಿಸಿದರೆ, "ಇನ್ನೊಂದ್ ಬರ್ದ್‌ಬುಡಿ ಮೇಷ್ಟ್ರೇ, ತಲೈವರೇ ನಮ್ ಹೊಸೂರಲ್ಲಿ ನಿಲ್ಬೇಕು ಅಂತ. ನಮ್ ನಿಯತ್ತು ಅವ್ರಿಗೆ ಗೊತ್ತಾಗ್ಲಿ" ಎಂದ. ತಲೈವರು, ಅಂದರೆ ಪಕ್ಷದ ನಾಯಕರ ಹೆಸರಿನಲ್ಲೂ ಹೀಗೆ ಭಕ್ತಿಯ ಅರ್ಜಿ ಹಾಕುವುದು ನಮ್ಮ ಕಡೆಯ ರೂಢಿ. ಬರೆದುಕೊಟ್ಟೆ.

ಮದರಾಸಿನ ಸಂದರ್ಶನದಲ್ಲಿ ಪಕ್ಷದ ಹಿರಿಯರು ಎರಡೂ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟು, "ಏನಯ್ಯಾ, ತಲೈವರಿಗೇ ಪೋಟಿನಾ?" ಎಂದು ಕೇಳಿದರಂತೆ. ಮುನಿಯಪ್ಪ ಅಲ್ಲೇ ತನ್ನ ಅರ್ಜಿಯನ್ನು ತಾನೇ ಹರಿದುಹಾಕಿ ಬಂದ. ತಲೈವರು ಹೊಸೂರಿನಲ್ಲಿ ನಿಲ್ಲಲಿಲ್ಲ. ಟಿಕೆಟ್ಟು ಬೇರೊಬ್ಬನ ಪಾಲಾಯಿತು.

ಇಷ್ಟನ್ನೂ ಮೊಮ್ಮಗನಿಗೆ ಹೇಳಿ, "ನಿನಗೆ ಒಂದೇ ಅರ್ಜಿ ಸಾಕು" ಎಂದೆ.

"ಎರಡೂ ಬರೀರಿ ಸಾ," ಎಂದ. "ಒಂದು ನಂದು. ತಲೈವರೇ ನಿಲ್ಬೇಕು ಅನ್ನೋದ್ನ, ನನ್ಗೆ ಎದುರಾಗಿ ಟಿಕೆಟ್ ಕೇಳ್ತಿರೋ ರಾಮಣ್ಣ ಕೊಟ್ಟಂಗೆ ಅವನ್ ಹೆಸ್ರಲ್ಲಿ ಬರೀರಿ. ಈ ಸಲ ಹರ್ದಾಕೋ ಸರದಿ ಅವಂದು."

ತಾತ ಬರೀ ಬೇಗ ಹೊರಟಿದ್ದ. ಇವನು ತಯಾರಾಗಿಯೇ ಹೊರಟಿದ್ದಾನೆ.