ಮೂರೂವರೆಯ ರೈಲು

ಕಳೆದ ವಾರ ಬಂಗಾರಪೇಟೆಯ ಮಾರುಕಟ್ಟೆಯಲ್ಲಿ ಒಬ್ಬಾಕೆ ಹೊಸ ಹುಣಸೆಹಣ್ಣಿನ ಮೂಟೆ ಬಿಚ್ಚಿದಳು. ಬೀಜ ಬಿಡಿಸಿ ಎರಡು ದಿನವೂ ಆಗಿರದ ಹಣ್ಣು. ಆ ವಾಸನೆಯಲ್ಲಿ ಹುಳಿಗಿಂತ ಬಿಸಿಲೇ ಹೆಚ್ಚು. ಕೊಳ್ಳಲೆಂದು ಬಗ್ಗಿದವಳು ಕೊಳ್ಳದೆ ಎದ್ದು ಬಂದೆ. ನಮ್ಮ ಮನೆಗೆ ಹೊಸ ಹುಣಸೆ ಬರುವುದು ನಿಂತು ಬಹಳ ವರ್ಷಗಳಾದವು. ಹಳೆಯದಾಗಿ, ಕಪ್ಪಾದ ಮೇಲೆಯೇ ತರಿಸುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಚಿನ್ನದ ಗಣಿಯ ಊರಿಗಾಂಗೆ ಬಂದಿದ್ದೆ. ನನ್ನ ಗಂಡ ಅಂಚೆ ಕಚೇರಿಯಲ್ಲಿ ಗುಮಾಸ್ತರು. ಗಣಿ ಕೆಲಸಗಾರರ ಲೈನುಗಳೆನ್ನುವ ಸಾಲುಮನೆಗಳ ಕೊನೆಯಲ್ಲಿ ನಮಗೊಂದು ಬಾಡಿಗೆ ಮನೆ ಸಿಕ್ಕಿತ್ತು. ಪಕ್ಕದ ಮನೆಗೂ ನಮ್ಮ ಮನೆಗೂ ಗೋಡೆ ಒಂದೇ. ಆ ಗೋಡೆಯ ಆಚೆ ಇದ್ದವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವಳು. ನನ್ನ ಹೆಸರನ್ನು ಅವಳು ಒಮ್ಮೆಯೂ ಕರೆದದ್ದಿಲ್ಲ. ಮೊದಲ ದಿನವೇ ಪೋಸ್ಟಾಫೀಸಮ್ಮ ಎಂದು ಕರೆದಳು, ಅದೇ ನಿಂತಿತು.

ಅಕ್ಕನ ಗಂಡ ಗಣಿಯಲ್ಲಿ, ನೆಲದ ಕೆಳಗಿನ ಕೆಲಸ. ಮೂರು ಮಕ್ಕಳು: ಒಂಬತ್ತರ ಹುಡುಗಿ, ಆರರ ಹುಡುಗ, ಮೂರು ತುಂಬದ ಇನ್ನೊಂದು ಹೆಣ್ಣುಮಗು. ಜೊತೆಗೆ ಒಂದು ಹಸು, ಒಂದು ಹೊಲಿಗೆ ಯಂತ್ರ. ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ರಾತ್ರಿವರೆಗೆ ಅವಳು ಕೂತದ್ದನ್ನು ನೋಡಿದ್ದು ಹೊಲಿಗೆ ಯಂತ್ರದ ಮುಂದೆ ಮಾತ್ರ. "ಮೂರು ಮಕ್ಳು, ಒಂದಸ, ಒಬ್ಬ ಗಂಡ. ಐದು ಜೀವಕ್ಕೂ ನೀರಿಡೋಳು ನಾನೇ. ಅದ್ರಾಗೆ ಆಲು ಕೊಡೋದು ಅಸ ಒಂದೇ ಕಣಮ್ಮ," ಎನ್ನುತ್ತಿದ್ದಳು. ಒಳಗೆ ಕೂತಿದ್ದ ಗಂಡನಿಗೆ ಕೇಳಿಸಲೆಂದೇ ಹೇಳುತ್ತಿದ್ದಳು. ಆತ ನಗುತ್ತಿದ್ದ. ಹೆಚ್ಚು ಮಾತಿನವನಲ್ಲ.

ಇಷ್ಟು ಕೆಲಸವಿದ್ದರೂ ಶಿವರಾತ್ರಿ ಕಳೆದು ಹೊಂಗೆ ಚಿಗುರಿತೆಂದರೆ ಅಕ್ಕನಿಗೆ ಮನೆ ಹಿಡಿಸುತ್ತಿರಲಿಲ್ಲ. ಬಿಡುವು ಸಿಕ್ಕ ದಿನವೆಲ್ಲ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗಾದರೂ ಹೊರಡುತ್ತಿದ್ದಳು. ಯುಗಾದಿಗೆ ಬೇವಿನ ಹೂ ತರಲು ಒಂದು ದಿನ. ಚಿನ್ನ ತೆಗೆದುಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಬಿಳಿ ಮರಳಿನ ಮೇಲೆ ಮಕ್ಕಳು ಜಾರುವುದಕ್ಕೆ ಒಂದು ಸಂಜೆ. ಬಂಗಾರಪೇಟೆಗೆ ಹೋಗಿ ಕೋಲಾರದ ಚಿಕ್ಕ ರೈಲು ನೋಡುವುದಕ್ಕೆ ಒಂದು ದಿನ. ಎಲ್ಲಕ್ಕಿಂತ ದೊಡ್ಡದು ಬೂದಿಕೋಟೆ ಹತ್ತಿರದ ತಾಯಿಯ ಊರಿಗೆ ಹೋಗಿ ಹುಣಸೆ ಉದುರಿಸುವುದು. ಈ ಓಡಾಟ ಯಾಕೆಂದು ಕೇಳಿದಾಗ ಅವಳು ಕಾರಣ ಹೇಳಿದ್ದು ಒಂದೇ ಸಲ. ಅವಳ ಅಪ್ಪನೂ ಗಣಿಯಲ್ಲೇ ಹೋದವರು. ಅವಳಿಗೆ ಆಗ ಏಳು ವರ್ಷ, ಬಾಗಿಲ ಮುಂದೆ ಕುಂಟಾಬಿಲ್ಲೆ ಆಡುತ್ತಿದ್ದಳಂತೆ. ಗಣಿಗಿಳಿಯುವ ಶಾಫ್ಟಿನ ಕಡೆಯಿಂದ ಒಬ್ಬರು ಬಂದು ಚಪ್ಪಲಿ ಕಳಚಿ ನಿಂತರಂತೆ. ಒಂಟಿ ಕಾಲಲ್ಲಿ ನಿಂತಿದ್ದವಳು ಕಾಲು ಕೆಳಗಿಟ್ಟಳು, ಆಮೇಲೆ ಮತ್ತೆ ಆಡಲಿಲ್ಲ... ಇಷ್ಟೇ ಹೇಳಿದ್ದಳು.

ಆ ವರ್ಷ ಮಕ್ಕಳ ಪರೀಕ್ಷೆ ಮುಗಿದ ಮರುದಿನವೇ ತಾಯಿಯ ಊರಿಗೆ ಹೊರಟಳು. ಸಣ್ಣ ಮಗುವನ್ನು ಎತ್ತಿಕೊಳ್ಳಲು ಒಂದು ಕೈ ಬೇಕೆಂದು ನನ್ನನ್ನೂ ಕರೆದಳು. ಅವಳ ಗಂಡನಿಗೆ ಬೆಳಗಿನ ಪಾಳಿ. ಮೂಟೆ ಹೊರಲು ನಾಲ್ಕು ಗಂಟೆಗೆ ಊರಿಗಾಂ ಸ್ಟೇಷನ್ನಿಗೆ ಬರುತ್ತೇನೆ ಎಂದು ಹೇಳಿ ಆತ ನಾವು ಹೊರಡುವ ಮೊದಲೇ ಹೋಗಿದ್ದ.

ನಾವು ಮೊದಲ ರೈಲಿಗೆ ಬಂಗಾರಪೇಟೆಗೆ ಬಂದು ಬೂದಿಕೋಟೆ ಬಸ್ಸು ಹತ್ತಿದೆವು. ಮಕ್ಕಳ ಸೋದರಮಾವ ಮರ ಹತ್ತಿ ಕೊಂಬೆ ಅಲ್ಲಾಡಿಸಿದ. ಕಾಯಿ ತಲೆಯ ಮೇಲೆ ಬೀಳುತ್ತಿದ್ದರೆ ಹುಡುಗ ಮರದ ಸುತ್ತ ಕಿರುಚಿಕೊಂಡು ಓಡಿದ. ಸಣ್ಣದು ಹಣ್ಣು ಚೀಪಿ ಮುಖ ಹಿಂಡಿ ಮತ್ತೆ ಕೈ ಚಾಚಿತು. ದೊಡ್ಡ ಹುಡುಗಿ ಮಾತ್ರ ಒಂದು ಕಡೆ ಕೂತು ಅಜ್ಜಿಯ ಜೊತೆ ಸಿಪ್ಪೆ ಬಿಡಿಸಿದಳು. ಅವಳು ಹಾಗೆಯೇ. ಬೇಕು ಎಂಬ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ. ಉಂಡು, ಒಂದು ಮೂಟೆ ಹಣ್ಣು ಕಟ್ಟಿಸಿಕೊಂಡು, ಮೂರಕ್ಕೆ ಮುಂಚೆಯೇ ಬಂಗಾರಪೇಟೆ ಸ್ಟೇಷನ್ನಿಗೆ ವಾಪಸು ಬಂದೆವು. ಮೂರೂವರೆಗೆ ನಮ್ಮ ರೈಲು.

ಮಾರಿಕುಪ್ಪಂನಿಂದ ಬರುವ ರೈಲೇ ತಿರುಗಿ ಮಾರಿಕುಪ್ಪಂಗೆ ಹೋಗುತ್ತಿತ್ತು. ಅದು ಬಂದು ನಿಂತಿತು. ಇಳಿದವರು ಎಂದಿನಂತೆ ಚದುರಲಿಲ್ಲ. ಅಲ್ಲಲ್ಲಿ ಗುಂಪಾಗಿ, ಕನ್ನಡ, ತಮಿಳು, ತೆಲುಗಿನಲ್ಲಿ ಒಂದೇ ವಿಷಯ ಮಾತಾಡುತ್ತಿದ್ದರು. ಬರ್ಸ್ಟು. ಗಣಿಯ ಆಳದಲ್ಲಿ ಬಂಡೆ ಸಿಡಿಯುವುದಕ್ಕೆ ನಮ್ಮಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಅದು. ಸಣ್ಣದಾದರೆ ಮನೆಯ ಪಾತ್ರೆ ಅದುರುತ್ತದೆ, ದೊಡ್ಡದಾದರೆ ಗೋಡೆ ಬಿರುಕು ಬಿಡುತ್ತದೆ. ನಾನು ಒಬ್ಬ ಹಿರಿಯರನ್ನು ಕೇಳಿದೆ. ಅಕ್ಕನ ಗಂಡ ಇಳಿಯುವ ಶಾಫ್ಟಿನ ಹೆಸರನ್ನೇ ಅವರು ಹೇಳಿದರು. "ಮೂರು ಜನ ಸಿಕ್ಕೊಂಡವ್ರಂತಮ್ಮ. ಎಸ್ರು ಗೊತ್ತಿಲ್ಲ."

ಅಕ್ಕ ನನ್ನ ಹಿಂದೆಯೇ ನಿಂತಿದ್ದಳು.

ಹುಡುಗ ಆಗಲೇ ಡಬ್ಬಿ ಹತ್ತಿ ಕಿಟಕಿ ಪಕ್ಕದ ಜಾಗ ಹಿಡಿದಿದ್ದ. ಅಕ್ಕ ಅವನನ್ನು ಇಳಿ ಎಂದಳು. ಅವನು ಇಳಿದ. ನಾನು ಮೂಟೆಯನ್ನು ಮೇಲೆ ಹಾಕಲು ಹೋದರೆ ನನ್ನ ಕೈ ಹಿಡಿದಳು. ಸಾವಿರಾರು ಜನ ಇಳಿಯುವ ಗಣಿ ಅಕ್ಕ, ಅವರೇ ಆಗಿರಬೇಕೆಂದಿಲ್ಲ, ಬಾ ಹೋಗೋಣ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. ಮಕ್ಕಳ ಕಡೆ ನೋಡುತ್ತಲೇ, ಬಹಳ ಮೆಲ್ಲಗೆ ಹೇಳಿದಳು.

"ಅವ್ರಲ್ದಿದ್ರೆ ಸಂಜೆ ಓದ್ರೂ ಒಂದೇ. ಅವ್ರೇ ಆಗಿದ್ರೆ... ಮನೆಗ್ ಓಗೋ ತನ್ಕ ಈ ಮಕ್ಳಿಗೆ ಅಪ್ಪ ಅವ್ನೆ. ಆಡ್ಕೊಳ್ಳಿ ಬಿಡು. ಇನ್ನೊಂದ್ ರೈಲೈತೆ."

ನಾನು ಈ ಮಾತನ್ನು ಸಾವಿರ ಸಲ ತಿರುಗಿಸಿ ನೋಡಿದ್ದೇನೆ. ಅದರಲ್ಲಿ ಎರಡೇ ದಾರಿಗಳಿದ್ದವು, ಇದ್ದಾನೆ ಅಥವಾ ಇಲ್ಲ. ಗಣಿಯ ಲೈನುಗಳಲ್ಲಿ ಹುಟ್ಟಿ ಬೆಳೆದವರಿಗೆ ಸಿಕ್ಕಿಕೊಂಡರು ಎಂದರೆ ಮುಗಿಯಿತು ಎಂದೇ ಅರ್ಥ. ಮೂರನೆಯ ದಾರಿಯೊಂದು ಇರಬಹುದೆಂದು ಅವಳಿಗೆ ಹೊಳೆಯಲಿಲ್ಲ. ಹೊರಗಿನಿಂದ ಬಂದ ನನಗಾದರೂ ಹೊಳೆಯಬೇಕಿತ್ತು. ನಾನು "ಆಗಲಿ ಅಕ್ಕ" ಎಂದೆ. ಮೂರೂವರೆಗೆ ರೈಲು ಹೊರಟಿತು. ಆಚೆ ಹೋದರೆ ಬಸ್ಸುಗಳೂ ಇದ್ದವು. ಆ ಕಡೆಗೂ ನಾವು ತಿರುಗಲಿಲ್ಲ.

ಆಮೇಲಿನ ಮೂರು ಗಂಟೆ... ಎಲ್ಲವೂ ನೆನಪಿದೆ, ಅನುಕ್ರಮ ಮಾತ್ರ ಕಲಸಿಹೋಗಿದೆ. ಐಸ್‌ಕ್ಯಾಂಡಿ ಮೊದಲೋ, ಕಬ್ಬಿನ ಹಾಲು ಮೊದಲೋ ತಿಳಿಯದು. ದಾಟು ಸೇತುವೆಯ ಮೇಲೆ ನಿಂತು ಗೂಡ್ಸ್ ರೈಲಿನ ಡಬ್ಬಿ ಎಣಿಸಿದ್ದು ನೆನಪಿದೆ. ಹುಡುಗ ನಲವತ್ತಕ್ಕೆ ತಪ್ಪಿದ, ಅಕ್ಕ ಮತ್ತೆ ಒಂದರಿಂದ ಹಿಡಿದು ಎಣಿಸತೊಡಗಿದಳು, ಆಗ ರೈಲು ಹೋಗಿಯೇ ಬಿಟ್ಟಿತ್ತು. ಎಂದೂ ಏನೂ ಕೇಳದ ದೊಡ್ಡ ಹುಡುಗಿ ಅಂದು ಒಂದಾದ ಮೇಲೊಂದು ಕೇಳಿದಳು. ತೂಕದ ಯಂತ್ರ ಹತ್ತಬೇಕು ಎಂದಳು, ಇಳಿದು ಇನ್ನೊಮ್ಮೆ ಹತ್ತಬೇಕು ಎಂದಳು. ಚಿಕ್ಕ ರೈಲು ನೋಡಬೇಕು, ಕೆಂಪು ರಿಬ್ಬನ್ ಬೇಕು, ಅದು ಸರಿಯಿಲ್ಲ, ಅಂಗಡಿಗೆ ಮತ್ತೆ ಹೋಗಿ ಹಳದಿ ತರಬೇಕು. ಅಕ್ಕ ಒಂದಕ್ಕೂ ಬೇಡ ಎನ್ನಲಿಲ್ಲ. ರಿಬ್ಬನನ್ನು ಮಾತ್ರ ತಾನು ಕಟ್ಟದೆ ನನ್ನ ಕೈಗೆ ಕೊಟ್ಟಳು. ನಾನು ಕಟ್ಟಿದೆ.

"ಇವತ್ ಅಮ್ಮಂಗೆ ಏನಾಗೈತೆ? ಕೇಳಿದ್ದೆಲ್ಲ ಕೊಡುಸ್ತಾವ್ಳೆ," ಎಂದು ಹುಡುಗ ನನ್ನ ಕಿವಿಯಲ್ಲಿ ಕೇಳಿದ. ನಿಮಗೆ ಪರೀಕ್ಷೆ ಮುಗಿಯಿತಲ್ಲ, ಅದಕ್ಕೆ ಎಂದೆ.

ಆರು ದಾಟಿದ ಮೇಲಿನ ರೈಲಿಗೆ ಹತ್ತಿದೆವು. ಊರಿಗಾಂ ಸ್ಟೇಷನ್ನಿನಲ್ಲಿ ನಮ್ಮ ಲೈನಿನ ಹೆಂಗಸರು ನಿಂತಿದ್ದರು. ಅವರನ್ನು ಕಂಡೊಡನೆ ಗೊತ್ತಾಯಿತು. ಒಬ್ಬಾಕೆ ಮೂರು ಮಕ್ಕಳನ್ನೂ ಕರೆದುಕೊಂಡು ಮುಂದೆ ನಡೆದಳು. ಅಕ್ಕನ ಗಂಡನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಗೆಳೆಯ ಹಿಂದೆ ಉಳಿದಿದ್ದ. ಅವನ ಕೂದಲಲ್ಲಿ ಇನ್ನೂ ಕಲ್ಲಿನ ಪುಡಿ ಇತ್ತು. ನಾವು ಮೂವರೇ ಇದ್ದಾಗ ಹೇಳಿದ. ಮೂರಕ್ಕೇ ಮೇಲೆ ತಂದರಂತೆ. ಸೊಂಟದ ಕೆಳಗೆ ಏನೂ ಉಳಿದಿರಲಿಲ್ಲ, ಆದರೆ ಜ್ಞಾನವಿತ್ತು. ಆಸ್ಪತ್ರೆಯಲ್ಲಿ ಮಲಗಿಸಿದ್ದರು.

"ಐದು ಗಂಟೆ ತನ್ಕ ಮಾತಾಡ್ತಿದ್ದ ಅಕ್ಕ. ಮಕ್ಳು ಬಂದ್ರಾ, ಮಕ್ಳು ಬಂದ್ರಾ ಅಂತ ಅದೊಂದೇ. ಮೂರೂವರೆ ರೈಲಿಗೆ ಬತ್ತಾರೆ ಕಣಪ್ಪ ಅಂತ ಏಳಿ ನಾನೇ ಸ್ಟೇಷನ್‌ಗೆ ಓಡ್ಬಂದೆ. ನೀವಿರ್ಲಿಲ್ಲ."

ಅಕ್ಕ ಅಳಲಿಲ್ಲ. ಆ ರೈಲು ಊರಿಗಾಂಗೆ ಎಷ್ಟು ಹೊತ್ತಿಗೆ ಬಂತು ಎಂದು ಕೇಳಿದಳು. ನಾಲ್ಕು ದಾಟಿ ಹತ್ತು ನಿಮಿಷ ಎಂದ. ಸ್ಟೇಷನ್ನಿನಿಂದ ಆಸ್ಪತ್ರೆಗೆ ನಡೆದರೆ ಎಷ್ಟು ಹೊತ್ತು ಎಂದು ಕೇಳಿದಳು. ಹತ್ತು ವರ್ಷದಿಂದ ಆ ದಾರಿಯಲ್ಲಿ ನಡೆದವಳು, ಅವನನ್ನು ಕೇಳಿದಳು. ಆಗ ಪ್ಲಾಟ್‌ಫಾರಂ ಮೇಲೆಯೇ ಕುಸಿದು ಕೂತಳು. ಹಣೆಯನ್ನು ಮೂಟೆಗೆ ಒತ್ತಿ ಹಿಡಿದಳು. ಎಬ್ಬಿಸಲು ನಮ್ಮಿಬ್ಬರಿಂದ ಆಗಲಿಲ್ಲ...

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದ ಮೇಲೆ, ಗೋಡೆಯ ಆಚೆಯಿಂದ ನನ್ನನ್ನು ಕರೆದಳು. "ಪೋಸ್ಟಾಫೀಸಮ್ಮ, ಐದು ಗಂಟೆ ಮಾತು ಯಾರಿಗೂ ಏಳ್ಬೇಡ. ಮಕ್ಳಿಗಂತೂ ಏಳ್ಲೇಬೇಡ," ಎಂದಳು. ನಾನು ಮಾತು ಕೊಟ್ಟೆ. ಶಾಲೆ ಮತ್ತೆ ತೆರೆಯುವ ಮೊದಲೇ ಲೈನಿನ ಮನೆ ಬಿಟ್ಟು, ಹಸು ಹೊಡೆದುಕೊಂಡು ತಾಯಿಯ ಊರಿಗೆ ಹೋದಳು. ಹಾಲು ಕರೆದು, ಹೊಲಿದು, ಮೂವರನ್ನೂ ದಡ ಮುಟ್ಟಿಸಿದಳು. ನಮ್ಮವರಿಗೆ ಬಂಗಾರಪೇಟೆಗೆ ವರ್ಗವಾದ ಮೇಲೆ ನಾನು ಆಗಾಗ ಹೋಗುತ್ತಿದ್ದೆ. ಮೊದಲಿನ ಹಾಸ್ಯವೂ ನಿಧಾನವಾಗಿ ತಿರುಗಿ ಬಂದಿತ್ತು. ಆದರೆ ಮಕ್ಕಳನ್ನು ಕರೆದುಕೊಂಡು ಅವಳು ಮತ್ತೆಲ್ಲಿಗೂ ಹೋಗಲಿಲ್ಲ. ಆ ದಿನದ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ. ಒಂದು ಸಲ ಮಾತ್ರ, ದನ ಕಟ್ಟುತ್ತಾ, ನನ್ನ ಕಡೆ ತಿರುಗದೆ, "ನೀನಾದ್ರೂ ಒಡೆದು ಅತ್ತಿಸ್ಬೇಕಿತ್ತು," ಎಂದಳು. ರೈಲಿಗೆ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಅಕ್ಕ ತೀರಿಕೊಂಡು ನಾಲ್ಕು ವರ್ಷವಾಯಿತು. ಹನ್ನೊಂದನೆಯ ದಿನದ ಊಟ ಮುಗಿದ ಮೇಲೆ ದೊಡ್ಡ ಮಗಳು ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತಳು. ಈಗ ಅವಳಿಗೇ ಮದುವೆಗೆ ಬಂದ ಮಗಳಿದ್ದಾಳೆ. ಏನೋ ಹೇಳಬೇಕು ಆಂಟಿ ಎಂದಳು.

"ಅವತ್ತು ಸ್ಟೇಷನ್ನಾಗೆ ಆ ತಾತ ನಿಮ್ಗೇಳಿದ್ದು ನಂಗೂ ಕೇಳಿಸ್ತು. ಅಮ್ಮಂಗೆ ಗೊತ್ತಿಲ್ಲ ಅಂದ್ಕೊಂಡೆ. ಗೊತ್ತಾದ್ರೆ ಅಳ್ತಾಳೆ ಅಂತ ಮನೆಗ್ ಓಗೋದು ತಡ ಮಾಡಕ್ಕೆ ಅದ್ ಬೇಕು, ಇದ್ ಬೇಕು ಅಂದೆ. ನಂಗೇನೂ ಬೇಕಾಗಿರ್ಲಿಲ್ಲ."

ತನ್ನ ಮಕ್ಕಳು ಏನಾದರೂ ಕೇಳಿದರೆ ಕೇಳಿದ್ದೆಲ್ಲ ಕೊಡಿಸಲು ಈಗಲೂ ಭಯ ಆಗುತ್ತದೆ ಎಂದಳು. ಕೊನೆಗೆ, ನನ್ನ ಮುಖ ನೋಡದೆ, "ಎಂಗೂ ಅಪ್ಪ ಆವಾಗ್ಲೇ ಓಗ್ಬಿಟ್ಟಿದ್ರಲ್ವಾ ಆಂಟಿ?" ಎಂದು ಕೇಳಿದಳು.

ಹೌದಮ್ಮ ಎಂದೆ.

ಅಂದಿನಿಂದ ಪ್ರತಿ ವರ್ಷ ಈ ದಿನಗಳಲ್ಲಿ ಫೋನ್ ಮಾಡುತ್ತಾಳೆ. ಅದು ಇದು ಮಾತಾಡಿ, ಇಡುವ ಮುನ್ನ ಅದನ್ನೇ ಕೇಳುತ್ತಾಳೆ. ನಾನು ಅದೇ ಉತ್ತರ ಕೊಡುತ್ತೇನೆ. ಮೊನ್ನೆಯೂ ಕೇಳಿದಳು, ಹೌದೆಂದೆ. ಅವಳು ಫೋನ್ ಇಡಲಿಲ್ಲ. ನಂಬಿಲ್ಲವೆಂದು ಆಗ ತಿಳಿಯಿತು. ನಿಜ ಗೊತ್ತಿದ್ದ ಆ ಗೆಳೆಯ ಗಣಿ ಕುಂದುತ್ತಾ ಬಂದಾಗಲೇ ಊರು ಬಿಟ್ಟ, ಎಲ್ಲಿದ್ದಾನೋ ತಿಳಿಯದು. ಅಕ್ಕ ಇಲ್ಲ. ಕೇಳಲು ಅವಳಿಗೆ ಉಳಿದಿರುವುದು ನಾನೊಬ್ಬಳೇ. ಬಾಯಿಬಿಟ್ಟು ಹೇಳಲು ನನ್ನಿಂದಾಗುವುದಿಲ್ಲ, ಅದಕ್ಕೇ ಬರೆದೆ. ಅಕ್ಕನಿಗೆ ಕೊಟ್ಟ ಮಾತು ಇಲ್ಲಿಗೆ ಮುರಿಯಿತು.

ಇಲ್ಲಮ್ಮ. ಐದು ಗಂಟೆಯವರೆಗೆ ನಿಮ್ಮಪ್ಪ ಇದ್ದರು. ನಿಮ್ಮನ್ನೇ ಕೇಳುತ್ತಿದ್ದರು. ರಿಬ್ಬನ್ ಕೇಳಿದ್ದು ನೀನು, ನಿನಗೆ ಆಗ ಒಂಬತ್ತು ವರ್ಷ. ಅದಕ್ಕೂ ಮೊದಲೇ ರೈಲು ಹೊರಟುಹೋಗಿತ್ತು. ಅದನ್ನು ಬಿಟ್ಟವರು ದೊಡ್ಡವರು ನಾವಿಬ್ಬರು.